ಎರಡೂವರೆ ಕೆ.ಜಿ. ಹೊತ್ತು ಕಾರ್ಕಳಕ್ಕೆ ಹೋಗಿ ಬನ್ನಿ

ಕಳೆದ ತಿಂಗಳು ಕಾರ್ಕಳದಿಂದ ಹುಡುಗನೊಬ್ಬ ಫೋನ್ ಮಾಡಿದ್ದ. ನಮ್ಮ ಹಾಗೆಯೇ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಈಗಷ್ಟೇ ಒಂದು ಚಾನೆಲ್‌ಗೂ ಒಂದು ವೆಬ್‌ಸೈಟಿಗೂ ತಾಲೂಕಿನ ಸುದ್ದಿ ಕೊಡಲು ಶುರು ಮಾಡಿದವನು. "ಅಣ್ಣಾ, ಸೊಸೈಟಿಯಲ್ಲಿ ಲೋನ್ ಸಿಗ್ತದೆ. ಒಂದು ಲಕ್ಷದ ಮೂವತ್ತು ಸಾವಿರದ್ದು ಒಂದುಂಟು, ವರ್ಕ್‌ಸ್ಟೇಷನ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಉಂಟು ಅದರಲ್ಲಿ. ಇನ್ನೊಂದು ಎಪ್ಪತ್ತು ಸಾವಿರದ್ದು, ತೆಳ್ಳಗೆ ಪುಸ್ತಕದ ಹಾಗೆ ಉಂಟು. ಯಾವುದು ತೆಗೊಳ್ಳುದು?"

ಅಂಗಡಿಯವರು ಏನೆಂದರು ಎಂದು ಕೇಳಿದೆವು. "ವಿಡಿಯೋ ಎಡಿಟ್ ಮಾಡುವವರಿಗೆ ದೊಡ್ಡದೇ ಬೇಕು ಅಂದ್ರು." ಡೆಸ್ಕ್‌ನವರು? "ಎಡಿಟ್ ಮಾಡಿಯೇ ಕಳಿಸು ಅಂದ್ರು." ಲ್ಯಾಪ್‌ಟಾಪ್‌ನ ದುಡ್ಡು ಯಾರು ಕೊಡ್ತಾರೆ ಎಂದು ಕೇಳಿದಾಗ ಹುಡುಗ ನಕ್ಕ. ನಾವೂ ನಕ್ಕೆವು. ಈ ಜಿಲ್ಲೆಯ ಬಿಡಿಸುದ್ದಿಗಾರರಲ್ಲಿ ಯಾರನ್ನು ಕೇಳಿದರೂ ಈ ಪ್ರಶ್ನೆಗೆ ಹೀಗೇ ನಗುತ್ತಾರೆ.

ಆ ದಿನ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇವೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂದು ಹಂಚಿಕೊಂಡು ತಿರುಗುವ ನಾವು ನಾಲ್ಕೈದು ಮಂದಿ ಇದರಲ್ಲಿ ಸಾಕಷ್ಟು ಕೈ ಸುಟ್ಟುಕೊಂಡಿದ್ದೇವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಊರೂರು ತಿರುಗಿ ಸುದ್ದಿ ಮಾಡುವವನು ಹಗುರದ್ದನ್ನೇ ತೆಗೆದುಕೊಳ್ಳಬೇಕು. ದೊಡ್ಡದು ಬೇಕಾದವರೂ ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇವೆ.

ನಮ್ಮ ಗುಂಪಿನಲ್ಲಿ ಕಾಪು ನೋಡಿಕೊಳ್ಳುವವರ ಕಥೆಯಿಂದ ಶುರು ಮಾಡುವುದು ಒಳ್ಳೆಯದು. (ಬರೆಯಲು ಅವರೇ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.) ಮೂರು ವರ್ಷದ ಹಿಂದೆ ಅವರು ಕಂತಿನಲ್ಲಿ ಒಂದು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ತೆಗೆದುಕೊಂಡರು. ಯಂತ್ರ ಎರಡೂವರೆ ಕೆ.ಜಿ., ಅದರ ಚಾರ್ಜರ್ ಒಂದು ಇಟ್ಟಿಗೆಯ ಹಾಗೆ, ಅದೇ ಮುಕ್ಕಾಲು ಕೆ.ಜಿ. ಇದರ ಮೇಲೆ ಕ್ಯಾಮೆರಾ, ಚಾನೆಲ್ ಲೋಗೋದ ಮೈಕ್, ಟ್ರೈಪಾಡ್, ಮಳೆಗಾಲದಲ್ಲಿ ರೈನ್‌ಕೋಟ್. ಬೈಕಿನಲ್ಲಿ ಬೆನ್ನಿಗೆ ಹಾಕಿಕೊಂಡು ಶಿರ್ವಕ್ಕೆ ಹೋಗಿ, ಅಲ್ಲಿಂದ ಪಡುಬಿದ್ರಿಗೆ ಇಳಿದು, ಮತ್ತೆ ಮಣಿಪಾಲದ ರಜತಾದ್ರಿಗೆ ಮೀಟಿಂಗ್‌ಗೆ ಬರುವಷ್ಟರಲ್ಲಿ ಭುಜ ಬಿದ್ದುಹೋಗುತ್ತಿತ್ತು. ಮೂರು ತಿಂಗಳು ಹೊತ್ತರು. ಆಮೇಲೆ ಲ್ಯಾಪ್‌ಟಾಪ್ ಮನೆಯ ಮೇಜಿನ ಮೇಲೆ ಕೂತಿತು.

ಅದು ಮನೆಯಲ್ಲಿ ಕೂತರೆ ಏನಾಯಿತು, ಸಂಜೆ ಬಂದು ಬರೆದರಾಯಿತಲ್ಲ ಎನ್ನಬಹುದು. ಅವರೂ ಹಾಗೆಯೇ ಅಂದುಕೊಂಡಿದ್ದರು. ಆದರೆ ಸಂಜೆ ಆರಕ್ಕೆ ಮನೆ ತಲುಪಿ ಬರೆಯಬೇಕೆಂದರೆ ನಾಲ್ಕಕ್ಕೇ ಊರು ಬಿಡಬೇಕು. ನಾಲ್ಕಕ್ಕೆ ಊರು ಬಿಡಬೇಕೆಂದರೆ ದೂರದ ಊರಿಗೆ ಹೋಗುವುದೇ ಬೇಡ. ಹೀಗೆ ಒಂದೊಂದೇ ಬಿಟ್ಟುಹೋಯಿತು. ಮೊದಲು ಮೂಳೂರಿನ ಕಡಲ್ಕೊರೆತ, ಪಲಿಮಾರಿನ ಗದ್ದೆಗೆ ನುಗ್ಗಿದ ಉಪ್ಪುನೀರು ಎಂದೆಲ್ಲ ಬರೆಯುತ್ತಿದ್ದವರು ಒಂದು ವರ್ಷದ ಹೊತ್ತಿಗೆ ವಾಟ್ಸಾಪ್‌ಗೆ ಬಂದ ಪ್ರೆಸ್ ನೋಟ್ ತಿದ್ದಿ ಕಳಿಸುತ್ತಿದ್ದರು. ಬ್ರಹ್ಮಕಲಶ, ಸನ್ಮಾನ, ಪದಗ್ರಹಣ, ರಕ್ತದಾನ ಶಿಬಿರ. ಅವರೇ ಒಂದು ದಿನ ಹೇಳಿದರು, "ಮಾರಾಯ್ರೆ, ಆ ಲ್ಯಾಪ್‌ಟಾಪ್ ಬಂದ ಮೇಲೆ ನಾನು ಕಡಲು ನೋಡಿಯೇ ಇಲ್ಲ." ಕಾಪುವಿನಲ್ಲಿ ಮನೆ ಇರುವವರು ಹೇಳಿದ ಮಾತು ಇದು.

ಕಂತು ಬೇರೆ ಇತ್ತು. ಸುದ್ದಿಯ ಲೆಕ್ಕದಲ್ಲಿ ದುಡ್ಡು ಬರುವ ನಮ್ಮಂಥವರಿಗೆ ತಿಂಗಳಿಗೆ ಐದಾರು ಸಾವಿರ ಎಂದರೆ ಸಣ್ಣದಲ್ಲ. ಕಂತು ಕಟ್ಟಲು ಮದುವೆ ವಿಡಿಯೋ ಹಿಡಿದರು, ಜಾಹೀರಾತು ತಂದರು. ಜಾಹೀರಾತು ಕೊಟ್ಟವರ ಮೇಲೆ ಬರೆಯುವುದು ಕಷ್ಟ ಎಂದು ಬೇರೆ ಹೇಳಬೇಕಾಗಿಲ್ಲ. ಯಂತ್ರ ಏನೂ ತಪ್ಪು ಮಾಡಿರಲಿಲ್ಲ, ಇಂದಿಗೂ ಚೆನ್ನಾಗಿಯೇ ಓಡುತ್ತದೆ. ಅವರ ಕೆಲಸಕ್ಕೆ ಅದು ಹೊಂದಲಿಲ್ಲ, ಅಷ್ಟೆ.

ಇನ್ನು ಶಕ್ತಿಯ ವಿಷಯ. ಅಂಗಡಿಯಲ್ಲಿ ತೋರಿಸುವಾಗ ಲ್ಯಾಪ್‌ಟಾಪ್ ಪ್ಲಗ್‌ಗೆ ಸಿಕ್ಕಿಸಿಕೊಂಡಿರುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವಾಟ್-ಅವರ್. ಹಾಗಾಗಿ ಎಷ್ಟೇ ದುಬಾರಿ ಲ್ಯಾಪ್‌ಟಾಪ್ ಆದರೂ ಕಂಪನಿಗಳು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡ ಬ್ಯಾಟರಿ ಹಾಕುವುದಿಲ್ಲ. 90 ವಾಟ್-ಅವರ್‌ನ ಬ್ಯಾಟರಿ ಇದೆ ಎಂದಿಟ್ಟುಕೊಳ್ಳಿ. ದೊಡ್ಡ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 120 ವಾಟ್ ಎಳೆದರೆ ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ಖಾಲಿ. ಅದಕ್ಕೇ ಇಂಥ ಹೆಚ್ಚಿನ ಯಂತ್ರಗಳು ಪ್ಲಗ್ ತೆಗೆದ ಕೂಡಲೇ ತಮ್ಮ ವೇಗ ತಾವೇ ತಗ್ಗಿಸಿಕೊಳ್ಳುತ್ತವೆ. ಅಂದರೆ ಲಕ್ಷಕ್ಕೂ ಮಿಕ್ಕಿ ಕೊಟ್ಟು ಕೊಂಡ ಶಕ್ತಿ ಪ್ಲಗ್ ಇದ್ದಲ್ಲಿ ಮಾತ್ರ ನಿಮ್ಮದು. ತೆಳ್ಳಗಿನದ್ದರಲ್ಲಿ 55 ವಾಟ್-ಅವರ್ ಬ್ಯಾಟರಿ ಇದ್ದರೂ ಬರೆಯುವಾಗ ಏಳೆಂಟು ವಾಟ್ ಖರ್ಚು. ಬೆಳಗ್ಗೆ ಮನೆಯಿಂದ ತುಂಬಿಸಿಕೊಂಡು ಹೊರಟರೆ ಸಂಜೆಯವರೆಗೆ ಬರುತ್ತದೆ. ಬಾರದಿದ್ದರೆ ಟೈಪ್-ಸಿ ಕೇಬಲ್‌ನಲ್ಲಿ ಕಾರಿನಲ್ಲೋ, ಸ್ವಲ್ಪ ದೊಡ್ಡ ಪವರ್‌ಬ್ಯಾಂಕ್‌ನಲ್ಲೋ ಚಾರ್ಜ್ ಮಾಡಬಹುದು. 200 ವಾಟ್‌ನ ಇಟ್ಟಿಗೆ ಚಾರ್ಜರ್‌ಗೆ ಇದ್ಯಾವುದೂ ಸಾಲದು.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಸುದ್ದಿ ಆಗುವಾಗ ಕರೆಂಟ್ ಇರುವುದಿಲ್ಲ. 2020ರ ಸೆಪ್ಟೆಂಬರ್ 20ರ ಬೆಳಗ್ಗೆ ಉಡುಪಿಯ ಕಲ್ಸಂಕ, ಬನ್ನಂಜೆ ಕಡೆಯೆಲ್ಲ ನೀರು ತುಂಬಿದ್ದು ನೆನಪಿರಬಹುದು. ಮನೆಗಳಿಂದ ಜನರನ್ನು ದೋಣಿಯಲ್ಲಿ ತರುತ್ತಿದ್ದರು. ಆ ದಿನ ಪ್ಲಗ್ ಹುಡುಕಿಕೊಂಡು ಹೋಗಿದ್ದರೆ ಸುದ್ದಿ ಮರುದಿನಕ್ಕೆ. ಮುಂದಿನ ವರ್ಷ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಲಾಕ್‌ಡೌನ್ ಬೇರೆ ಇತ್ತು, ಒಂದು ಚಾ ಅಂಗಡಿಯೂ ತೆರೆದಿರಲಿಲ್ಲ. ಕಾಪು ಸಮೀಪದ ಕಡಲಿನಲ್ಲಿ ಬಂಡೆಗೆ ಸಿಕ್ಕಿಹಾಕಿಕೊಂಡ ‘ಕೋರಮಂಡಲ್ ಸಪೋರ್ಟರ್’ ಟಗ್‌ನಲ್ಲಿ 9 ಮಂದಿ ಇದ್ದರು. ಮೇ 17ರಂದು ಕೋಸ್ಟ್ ಗಾರ್ಡ್ ದೋಣಿಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಅವರನ್ನು ದಡ ಸೇರಿಸಿದವು. ದಡದಲ್ಲಿ ಗಾಳಿಗೆ ನಿಲ್ಲಲೂ ಆಗದ ಹಾಗಿತ್ತು. ನಮ್ಮ ದೃಶ್ಯಗಳೆಲ್ಲ ಮೊಬೈಲ್‌ನಿಂದ ಹೋದವು. ವಿವರವಾದ ವರದಿ ನಾವು ಬರೆದದ್ದು ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ಹಳೆಯ ಸಣ್ಣ ಲ್ಯಾಪ್‌ಟಾಪ್ ಇಟ್ಟುಕೊಂಡು. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ನಾಲ್ಕು ಗಂಟೆ ಬ್ಯಾಟರಿ ಇತ್ತು.

ಪರ್ಯಾಯದ ರಾತ್ರಿಯೂ ಹಾಗೆಯೇ. ಜನವರಿ 17ರ ರಾತ್ರಿ ಮನೆ ಬಿಟ್ಟರೆ 18ರ ಮಧ್ಯಾಹ್ನದವರೆಗೆ ಜೋಡುಕಟ್ಟೆ, ರಥಬೀದಿ ಎಂದು ಜನರ ನಡುವೆಯೇ ಇರುತ್ತೇವೆ. 2024ರ ಪುತ್ತಿಗೆ ಪರ್ಯಾಯದಲ್ಲಿ ನಮ್ಮಲ್ಲೊಬ್ಬರು ದೊಡ್ಡ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಬಂದು, ಯಾವುದೋ ಅಂಗಡಿಯ ಜಗಲಿಯಲ್ಲಿ ಪರಿಚಯದವರನ್ನು ಕಾವಲು ಕೂರಿಸಿ, ರಾತ್ರಿಯಿಡೀ ಮೆರವಣಿಗೆಗಿಂತ ಬ್ಯಾಗನ್ನೇ ಹೆಚ್ಚು ನೋಡುತ್ತಿದ್ದರು.

ಈಗ ಡೆಸ್ಕ್‌ನವರ ‘ಎಡಿಟ್ ಮಾಡಿಯೇ ಕಳಿಸು’ ವಿಷಯಕ್ಕೆ ಬರೋಣ. ಒಂದು ನಿಮಿಷದ 4ಕೆ ವಿಡಿಯೋ ಮೊಬೈಲ್‌ನಲ್ಲಿ ತೆಗೆದರೆ ಸುಮಾರು 170ರಿಂದ 350 ಎಂಬಿ ಆಗುತ್ತದೆ. ಮೂರು ನಿಮಿಷ ಎಂದರೆ ಹತ್ತಿರ ಹತ್ತಿರ ಒಂದು ಜಿಬಿಯವರೆಗೂ ಹೋಗಬಹುದು. ಮಾಳದ ಕಡೆ ಘಟ್ಟದ ಬುಡದಲ್ಲಿ ನಿಂತು, ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ಅದನ್ನು ಕಳಿಸಿ ನೋಡಿ. ಯಾವ ಪ್ರೊಸೆಸರ್ ಇದ್ದರೂ ಮೇಲೇರುವ ಗೆರೆ ಅಲ್ಲಿಯೇ ನಿಂತಿರುತ್ತದೆ. ಕಟ್ಟಕಡೆಗೆ ನಾವು ಮಾಡುವುದೇನು? ಮೊಬೈಲ್‌ನಲ್ಲೇ ಮೊದಲಿನಿಂದ 1080ರಲ್ಲಿ ಚಿತ್ರೀಕರಿಸಿ, ಕೈನ್‌ಮಾಸ್ಟರ್‌ನಲ್ಲೋ ಇನ್‌ಶಾಟ್‌ನಲ್ಲೋ ತುದಿ-ಬುಡ ಕತ್ತರಿಸಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸುವುದು. ಬೆಂಗಳೂರಿನಲ್ಲಿ ಅದಕ್ಕೆ ಮತ್ತೆ ಕತ್ತರಿ ಬೀಳುತ್ತದೆ. ಅವರ ಲೋಗೋ, ಅವರ ಹಿನ್ನೆಲೆ ಧ್ವನಿ, ಅವರ ಕೆಂಪು ಪಟ್ಟಿ. ನಾವು ರಾತ್ರಿ ಕೂತು ಹೊಲಿದ ಅಂಗಿಯನ್ನು ಅಲ್ಲಿ ಬಿಚ್ಚಿ ಪುನಃ ಹೊಲಿಯುತ್ತಾರೆ. ಆ ಹೊಲಿಗೆಗೆ ನಾವೇಕೆ ಸಾಲ ಮಾಡಬೇಕು?

ಎರಡು ನಿಮಿಷದ ಸುದ್ದಿ ತುಣುಕು ಕತ್ತರಿಸಲು ಈಗಿನ ಹಗುರ ಲ್ಯಾಪ್‌ಟಾಪ್‌ಗಳೇ ಸಾಕು. ಪ್ರೊಸೆಸರ್‌ನ ಒಳಗೇ ವಿಡಿಯೋ ಬಿಡಿಸಿ ಓದುವ ಭಾಗ ಪ್ರತ್ಯೇಕವಾಗಿ ಇರುತ್ತದೆ, ಮೊಬೈಲ್‌ನ ವಿಡಿಯೋವನ್ನು ಅದು ಸಲೀಸಾಗಿ ಓಡಿಸುತ್ತದೆ. ಬಣ್ಣ ತಿದ್ದಬೇಕು, ನಾಲ್ಕು ಕ್ಯಾಮೆರಾ ಸೇರಿಸಬೇಕು, ಒಂದೂವರೆ ಗಂಟೆಯ ಮದುವೆ ಮಾಡಬೇಕು ಎಂದಾಗ ಮಾತ್ರ ಅದಕ್ಕೆ ಏದುಸಿರು ಬರುತ್ತದೆ. ಬರೆಯುವುದಕ್ಕಂತೂ ಯಾವ ಶಕ್ತಿಯೂ ಬೇಡ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡಲು ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರೂ ಸಾಕಿತ್ತು, ಇಂದಿಗೂ ಸಾಕು. ಕೀಲಿಗಳು ಬೆರಳಿಗೆ ಹಿತವಾಗಿವೆಯೇ ಎಂದು ನೋಡಿ. ದಿನಕ್ಕೆ ಆರೇಳು ಸುದ್ದಿ ಬಡಿಯುವವನಿಗೆ ಗ್ರಾಫಿಕ್ಸ್ ಕಾರ್ಡ್‌ಗಿಂತ ಅದು ದೊಡ್ಡದು.

ಹಗುರದ್ದರಲ್ಲಿ ತೊಂದರೆ ಇಲ್ಲವೆಂದಲ್ಲ. ನಮಗೆ ಪೆಟ್ಟು ಬಿದ್ದದ್ದು ರ‍್ಯಾಮ್‌ನಲ್ಲಿ. ತೆಳ್ಳಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮತ್ತೆ ಏರಿಸಲು ಆಗುವುದಿಲ್ಲ. ಎಂಟು ಜಿಬಿ ಸಾಕು ಎಂದು ಕಡಿಮೆ ದುಡ್ಡಿಗೆ ತಂದವರು ಎರಡೇ ವರ್ಷದಲ್ಲಿ ತಲೆ ಮೇಲೆ ಕೈ ಇಟ್ಟುಕೊಂಡರು. ಮೊದಲೇ 16 ಜಿಬಿ ತೆಗೆದುಕೊಳ್ಳಿ, ಬೇಕಾದರೆ ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದ್ದಾಗಲಿ. ಇನ್ನೊಂದು, ಕ್ಯಾಮೆರಾದ ಎಸ್‌ಡಿ ಕಾರ್ಡ್ ಹಾಕುವ ಜಾಗ ಇವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಕಾರ್ಡ್ ರೀಡರ್ ಬೇರೆ ಬೇಕು, ಅದು ಕಳೆದುಹೋಗುವುದಕ್ಕೇ ಹುಟ್ಟಿದ ವಸ್ತು. ಪರದೆಯ ಬೆಳಕೂ ನೋಡಬೇಕು. ಅಂಗಡಿಯ ಎಸಿಯಲ್ಲಿ ಚೆನ್ನಾಗಿ ಕಾಣುವ 250 ನಿಟ್ಸ್‌ನ ಪರದೆ ಮಿಯ್ಯಾರು ಕಂಬಳದ ಬಿಸಿಲಲ್ಲಿ ಕನ್ನಡಿಯಾಗಿಬಿಡುತ್ತದೆ, ನಿಮ್ಮ ಮುಖವೇ ನಿಮಗೆ ಕಾಣುತ್ತದೆ. 400 ಇದ್ದರೆ ಹೇಗೋ ಸುಧಾರಿಸಬಹುದು.

ಮಳೆಯ ವಿಷಯದಲ್ಲಿ ಎರಡೂ ಒಂದೇ, ಎರಡೂ ನೀರಿಗೆ ಆಗದವು. ಸೈನ್ಯದ ಗುಣಮಟ್ಟದ ಪರೀಕ್ಷೆ ಪಾಸಾಗಿದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಿ ನಮ್ಮ ಜೂನ್ ತಿಂಗಳಿಗೆ ಹೊರಡಬೇಡಿ, ಅದರಲ್ಲಿ ನೀರು ಒಳಗೆ ಹೋಗುವುದಿಲ್ಲ ಎಂದು ಅರ್ಥವಲ್ಲ. ಆದರೆ ಒಂದು ವ್ಯತ್ಯಾಸ ಉಂಟು. ದೊಡ್ಡ ಯಂತ್ರಕ್ಕೆ ಬಿಸಿ ಹೊರಹಾಕಲು ಎರಡು ಫ್ಯಾನ್ ಬೇಕು. ಅವು ಕಡಲ ಬದಿಯ ಉಪ್ಪುಗಾಳಿಯನ್ನೂ ತೇವವನ್ನೂ ಧೂಳನ್ನೂ ದಿನವಿಡೀ ಒಳಗೆ ಎಳೆಯುತ್ತವೆ. ಕಾಪುವಿನವರ ಲ್ಯಾಪ್‌ಟಾಪ್ ಬಿಚ್ಚಿದ ರಿಪೇರಿಯವರು ಒಳಗೆ ಹಸಿರು ಬಣ್ಣ ತೋರಿಸಿದ್ದರು. ಕ್ಯಾಮೆರಾ ಲೆನ್ಸ್‌ಗೆ ಬೂಷ್ಟು ಹಿಡಿಯುವ ಊರಲ್ಲವೇ ನಮ್ಮದು.

ಹೊಸದಕ್ಕೆ ಅಷ್ಟು ದುಡ್ಡಿಲ್ಲ ಎನ್ನುವವರು ಕಂಪನಿಗಳು ಉಪಯೋಗಿಸಿ ಬಿಟ್ಟ ಲ್ಯಾಪ್‌ಟಾಪ್ ನೋಡಬಹುದು. ಥಿಂಕ್‌ಪ್ಯಾಡ್ ಟಿ480 ಎಂಬ ಹಳೆಯ ಮಾದರಿಯನ್ನು ನಮ್ಮಲ್ಲಿಬ್ಬರು ಇಂದಿಗೂ ಬಳಸುತ್ತಾರೆ. ಅದರಲ್ಲಿ ಎರಡು ಬ್ಯಾಟರಿ. ಒಂದು ಒಳಗಿರುತ್ತದೆ, ಇನ್ನೊಂದನ್ನು ಯಂತ್ರ ಆಫ್ ಮಾಡದೆಯೇ ಹೊರಗಿನಿಂದ ಬದಲಿಸಬಹುದು. ತೀರಾ ಹಗುರವಲ್ಲ, ಆದರೆ ರ‍್ಯಾಮ್ ಏರಿಸಬಹುದು, ಕೀಲಿಮಣೆ ಗಟ್ಟಿ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಮಾರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಬಗ್ಗೆ ಮಾತ್ರ ಹುಷಾರು. ನಮ್ಮಲ್ಲೊಬ್ಬರು ಒಂದನ್ನು ತಂದಿದ್ದರು. ಅದು ನಾಲ್ಕು ವರ್ಷ ಹಾಸ್ಟೆಲ್ ಮಂಚದ ಮೇಲೆ ಪ್ಲಗ್‌ಗೆ ಕಟ್ಟಿಹಾಕಿಕೊಂಡೇ ಬದುಕಿದ ಯಂತ್ರ. ಪರ್ಕಳ, ಹಿರಿಯಡ್ಕ ದಾಟಿ ಬೈಲೂರು ತಲುಪುವಷ್ಟರಲ್ಲಿ ಬ್ಯಾಟರಿ ಮುಗಿದಿತ್ತು.

ಹಾಗಾದರೆ ಭಾರದ್ದು ಯಾರಿಗೆ? ಯಕ್ಷಗಾನ, ಕಂಬಳ, ನೇಮ ಎಂದು ನೇರಪ್ರಸಾರ ಮಾಡುವವರಿಗೆ ಖಂಡಿತ ಬೇಕು. ಮೂರು ನಾಲ್ಕು ಕ್ಯಾಮೆರಾಗಳನ್ನು ಒಂದೇ ಯಂತ್ರಕ್ಕೆ ತಂದು ರಾತ್ರಿಯಿಡೀ ತಡೆಯಿಲ್ಲದೆ ಕಳಿಸಬೇಕು. ಅಲ್ಲಿ ಜನರೇಟರ್ ಇರುತ್ತದೆ, ಸಾಮಾನು ಓಮ್ನಿಯಲ್ಲಿ ಬರುತ್ತದೆ, ಬೆನ್ನಿನ ಪ್ರಶ್ನೆಯೇ ಇಲ್ಲ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವ, ಆದರೆ ಹೋದಲ್ಲಿ ಪ್ಲಗ್ ಸಿಗುವ ಕೆಲಸಕ್ಕೇ ಈ ಯಂತ್ರ ಮಾಡಿರುವುದು. ತಿರುಗಾಟದ ಆರು ತಿಂಗಳಲ್ಲಿ ಅವರಿಗೆ ಅದರ ಬೆಲೆ ಹುಟ್ಟುತ್ತದೆ, ನಮಗೇನೂ ತಕರಾರಿಲ್ಲ.

ಮದುವೆ ವಿಡಿಯೋ ಮಾಡುವವರ ಲೆಕ್ಕ ಬೇರೆ. ನಮ್ಮಲ್ಲಿ ಅನೇಕರಿಗೆ ಅನ್ನ ಕೊಡುವುದು ಸುದ್ದಿಯಲ್ಲ, ಅದೇ. ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಆದರೆ ಮದುವೆಯನ್ನು ಎಡಿಟ್ ಮಾಡುವುದು ಮನೆಯಲ್ಲೇ ತಾನೆ? ಅದಕ್ಕೆ ಬಿಡಿಭಾಗ ಜೋಡಿಸಿದ ಡೆಸ್ಕ್‌ಟಾಪ್ ಸಾಕು. ಅಷ್ಟೇ ಶಕ್ತಿ ಡೆಸ್ಕ್‌ಟಾಪ್‌ನಲ್ಲಿ ಅಗ್ಗ. ಬಿಸಿ ಕಡಿಮೆ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಒಂದು ಯುಪಿಎಸ್ ಇಟ್ಟರೆ ಕರೆಂಟ್ ಹೋದಾಗ ಕೆಲಸ ಉಳಿಸಿಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಕಾಪುವಿನವರೂ ಈಗ ಆ ವರ್ಕ್‌ಸ್ಟೇಷನ್‌ಗೆ ದೊಡ್ಡ ಪರದೆ ಸಿಕ್ಕಿಸಿ ಡೆಸ್ಕ್‌ಟಾಪ್ ಮಾಡಿಕೊಂಡಿದ್ದಾರೆ. ಡೆಸ್ಕ್‌ಟಾಪ್‌ನ ದುಡ್ಡಿನ ದುಪ್ಪಟ್ಟು ಕೊಟ್ಟು ತಂದ ಡೆಸ್ಕ್‌ಟಾಪ್. ತಿರುಗಾಟಕ್ಕೆಂದು ಇತ್ತೀಚೆಗೆ ಒಂದು ಹಳೆಯ ಸಣ್ಣದು ಕೊಂಡರು. ಮೊನ್ನೆ ಪಡುಬಿದ್ರಿಯಿಂದ ಕಳಿಸಿದ ಕೈರಂಪಣಿ ಮೀನುಗಾರರ ಸುದ್ದಿ ಬಹಳ ದಿನಗಳ ಮೇಲೆ ಅವರದ್ದೇ ಸುದ್ದಿ ಅನ್ನಿಸಿತು.

ಡೆಸ್ಕ್‌ನಲ್ಲಿ ಕೂತವರಿಗೂ ಒಂದು ಮಾತು ಹೇಳಬೇಕಾಗಿದೆ, ನಿಮ್ಮಲ್ಲಿ ಕೆಲವರು ಇಲ್ಲಿ ಓದುತ್ತೀರಿ ಎಂದು ಗೊತ್ತು. ಹಿಂದೆ ಊರಿನ ಬಿಡಿಸುದ್ದಿಗಾರರು ಸುದ್ದಿ ಬರೆದು ಲಕೋಟೆಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅವರ ಬಂಡವಾಳ ಒಂದು ಪೆನ್ನು, ಒಂದಿಷ್ಟು ಹಾಳೆ. ಅಕ್ಷರ ಜೋಡಿಸುವ ಯಂತ್ರವನ್ನೂ ಮನೆಯಲ್ಲಿಟ್ಟುಕೊಂಡು, ಜೋಡಿಸಿಯೇ ಕಳಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಈಗ ಸುದ್ದಿ, ಫೋಟೋ, ವಿಡಿಯೋ, ಎಡಿಟಿಂಗ್, ತಲೆಬರಹ ಇರುವ ಥಂಬ್‌ನೇಲ್ ಎಲ್ಲವೂ ನಮ್ಮದೇ, ಯಂತ್ರವೂ ನಮ್ಮದೇ. ದುಡ್ಡು ಮಾತ್ರ ಸುದ್ದಿಗೆ ಇಷ್ಟು ಎಂದು ಹಳೆಯ ಲೆಕ್ಕ. ಎಡಿಟ್ ಬೇಕಾದರೆ ಅದಕ್ಕೆ ಬೇರೆ ದರ ಇಡಿ. ಇಲ್ಲದಿದ್ದರೆ ಕಚ್ಚಾ ದೃಶ್ಯ ಕಳಿಸುತ್ತೇವೆ, ನಿಮ್ಮ ಕಚೇರಿಯಲ್ಲಿ ಪ್ಲಗ್‌ಗಳಿಗೆ ಬರವಿಲ್ಲ. ನಮ್ಮಲ್ಲಿ ಇಬ್ಬರು ಇದನ್ನು ಬಾಯಿಬಿಟ್ಟು ಹೇಳಿದ್ದಾರೆ. ಒಬ್ಬರಿಗೆ ಒಪ್ಪಿದರು. ಇನ್ನೊಬ್ಬರ ಬದಲಿಗೆ ಆ ಸಂಸ್ಥೆ ಬೇರೆಯವರನ್ನು ಹುಡುಕಿಕೊಂಡಿತು. ಅದನ್ನೂ ಮುಚ್ಚಿಡದೆ ಹೇಳುತ್ತಿದ್ದೇವೆ, ಯಾಕೆಂದರೆ ಕಾರ್ಕಳದ ಹುಡುಗನಂಥವರು ಗೊತ್ತಿದ್ದೇ ತೀರ್ಮಾನ ಮಾಡಬೇಕು.

ಆ ಹುಡುಗನಿಗೆ ನಾವು ಕೊನೆಗೆ ಹೇಳಿದ್ದು ಒಂದು ಪರೀಕ್ಷೆ. ಎರಡೂವರೆ ಕೆ.ಜಿ. ಅಕ್ಕಿಯನ್ನು ಬ್ಯಾಗಿನಲ್ಲಿ ಹಾಕು, ಚಾರ್ಜರ್‌ನ ಲೆಕ್ಕಕ್ಕೆ ಒಂದು ಬಾಟಲಿ ನೀರು ಹಾಕು, ಕ್ಯಾಮೆರಾ ಹೇಗೂ ಇರುತ್ತದೆ. ಒಂದು ವಾರ ಅದನ್ನು ಹೊತ್ತುಕೊಂಡೇ ಸುದ್ದಿಗೆ ಹೋಗು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡು ಮಣಿಪಾಲಕ್ಕೆ ಬಾ, ಬೆಳ್ಮಣ್ ದಾರಿಯಾಗಿ ಪಡುಬಿದ್ರಿಗೆ ಹೋಗು, ಒಂದು ದಿನ ಮಾಳಕ್ಕೂ ಹೋಗಿ ನಡೆ. ಆಮೇಲೆ ಅಂಗಡಿಗೆ ಹೋಗು.

ನಾಲ್ಕನೇ ದಿನಕ್ಕೆ ಮೆಸೇಜ್ ಬಂತು. ಅಕ್ಕಿಯನ್ನು ಅಮ್ಮ ಬ್ಯಾಗಿನಿಂದ ತೆಗೆದು ಅನ್ನಕ್ಕೆ ಹಾಕಿದ್ದಾರಂತೆ. ತೆಳ್ಳಗಿನದ್ದಕ್ಕೆ ಮುಂಗಡ ಕೊಟ್ಟು ಬಂದಿದ್ದಾನೆ, 16 ಜಿಬಿಯದ್ದೇ. ಸಾಲ ಅರ್ಧಕ್ಕೂ ಕಡಿಮೆ ಮಾಡಿದರೆ ಸಾಕಾಯಿತಂತೆ. ಗಟ್ಟಿಮುಟ್ಟಾದ ಕಾರ್ಡ್ ರೀಡರ್ ಯಾವುದು ಎಂದು ಕೇಳಿದ್ದಾನೆ. ಅದು ನಮಗೂ ಇನ್ನೂ ಸಿಕ್ಕಿಲ್ಲ, ಯಾರಿಗಾದರೂ ಗೊತ್ತಿದ್ದರೆ ಹೇಳಿ.